ಎಡಿಟರ್‌ನಲ್ಲಿ ಉರ್ದು ಅಕ್ಷರ ಕೆಟ್ಟು ಕಾಣುತ್ತಿದ್ದರೆ

ಹೊಸ ಫಾಂಟ್ ಹುಡುಕುವ ಮುಂಚೆ ಪಠ್ಯ ಯಾವ ರೀತಿ ಕೆಟ್ಟಿದೆ ಎಂದು ನೋಡಿ. ಕಾರಣ ಅಲ್ಲೇ ಸಿಗುತ್ತದೆ.

ಬರೀ ಚೌಕಗಳು ಕಂಡರೆ ಆ ಅಕ್ಷರವಿರುವ ಫಾಂಟ್ ಇಲ್ಲ ಎಂದರ್ಥ. ನೋಟೋ ನಸ್ತಾಲೀಕ್ ಉರ್ದು ಎಂಬ ಫಾಂಟ್ ಹಾಕಿಕೊಳ್ಳಿ. ವಿಂಡೋಸ್ 10, 11ರಲ್ಲಾದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಅರೇಬಿಕ್ ಸ್ಕ್ರಿಪ್ಟ್ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೂ ಸಾಕು, ಉರ್ದು ಟೈಪ್‌ಸೆಟ್ಟಿಂಗ್ ಎಂಬ ಫಾಂಟ್ ಅದರಲ್ಲೇ ಬರುತ್ತದೆ. ಆಮೇಲೆ ಎಡಿಟರನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಎನ್‌ಕೋಡಿಂಗ್ (ಅಕ್ಷರಗಳನ್ನು ಕಡತದಲ್ಲಿ ಸಂಕೇತವಾಗಿ ಉಳಿಸುವ ಕ್ರಮ) ತೊಂದರೆ. ಸೇವ್ ಮಾಡಲೇಬೇಡಿ, ಯುಟಿಎಫ್-8 ಆರಿಸಿ ಕಡತವನ್ನು ಮತ್ತೆ ತೆರೆಯಿರಿ. ಸೇವ್ ಆಗಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿದಿದ್ದರೆ ಪಠ್ಯ ಹೋದಂತೆಯೇ, ಬ್ಯಾಕಪ್ ಹುಡುಕಬೇಕು. ಇನ್‌ಪೇಜ್ ಎಂಬ ಉರ್ದು ಪುಟವಿನ್ಯಾಸ ತಂತ್ರಾಂಶದ ಹಳೆಯ ಕಡತಗಳು ಯುನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ಇರುವುದಿಲ್ಲ. ಅವನ್ನು ಮೊದಲು ಕನ್ವರ್ಟ್ ಮಾಡಿಕೊಳ್ಳಿ.

ಅಕ್ಷರ ಕೂಡಿಕೊಳ್ಳುತ್ತಿಲ್ಲವೆ? ‘ಕಿತಾಬ್’ ಎಂದು ಟೈಪ್ ಮಾಡಿ. ಕಾಫ್, ತೇ, ಅಲಿಫ್ ಬೆಸೆದುಕೊಂಡು ಕೊನೆಯ ಬೇ ಬೇರೆಯಾಗಿ ನಿಲ್ಲಬೇಕು. ಅಲಿಫ್ ತನ್ನ ಮುಂದಿನ ಅಕ್ಷರಕ್ಕೆ ಅಂಟುವುದಿಲ್ಲ, ಹಾಗಾಗಿ ಅದು ದೋಷವಲ್ಲ. ನಾಲ್ಕೂ ಬಿಡಿಬಿಡಿಯಾಗಿದ್ದರೆ ಮೊದಲು ಲೆಟರ್ ಸ್ಪೇಸಿಂಗ್ ಸೊನ್ನೆಗೆ ತನ್ನಿ. ಆಗಲೂ ಬೆಸೆಯದಿದ್ದರೆ ಎಡಿಟರ್‌ಗೇ ಆ ಶಕ್ತಿ ಇಲ್ಲ, ಬೇರೆ ಎಡಿಟರ್ ಬಳಸುವುದೇ ಲೇಸು.

ಪದದ ನಡುವೆ ಒಂದೇ ಅಕ್ಷರ ಬೇರೆ ಶೈಲಿಯಲ್ಲಿ ಕಂಡರೆ ಫಾಂಟ್ ಅರಬಿಗಷ್ಟೇ ಮಾಡಿದ್ದು. ಟೇ (ಯುನಿಕೋಡ್ ಸಂಖ್ಯೆ 0679), ಡಾಲ್ (0688), ಡೇ (0691) ಅರಬಿಯಲ್ಲಿ ಇಲ್ಲ. ಎಡಿಟರ್ ಅವನ್ನು ಇನ್ನೊಂದು ಫಾಂಟ್‌ನಿಂದ ಎರವಲು ತರುತ್ತದೆ. ಪದದ ಕೊನೆಯ ಯೇ ಕೆಳಗೆ ಎರಡು ಚುಕ್ಕೆ ಇದ್ದರೆ ದೋಷ ಕೀಬೋರ್ಡಿನದು: ಅಲ್ಲಿ ಕೂತಿರುವುದು ಅರಬಿ ಯೇ. ನೋಟಕ್ಕಿಂತ ಇದರ ದೊಡ್ಡ ಪೆಟ್ಟು ಬೀಳುವುದು ಹುಡುಕಾಟಕ್ಕೆ. ಉರ್ದು ಯೇ ಹಾಕಿ ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಕೀಬೋರ್ಡ್ ಬದಲಿಸಿ, ಹಳೆಯದನ್ನು ಫೈಂಡ್-ರಿಪ್ಲೇಸ್‌ನಿಂದ ತಿದ್ದಿ.

ಉರ್ದುವಿನ ರೂಢಿಯ ಶೈಲಿಯಾದ ನಸ್ತಾಲೀಕ್ ಬರಹ ಮೇಲಿನಿಂದ ಓರೆಯಾಗಿ ಇಳಿಯುವುದರಿಂದ ಎತ್ತರ ಹೆಚ್ಚು ಬೇಡುತ್ತದೆ. ತಲೆ, ಬಾಲ ಕತ್ತರಿಸಿದಂತಿದ್ದರೆ ಸಾಲಿನ ಎತ್ತರ ಏರಿಸಿ. ವಿಎಸ್ ಕೋಡ್ ಎಡಿಟರ್‌ನಲ್ಲಿ ಲೈನ್ ಹೈಟ್‌ಗೆ 2 ಕೊಟ್ಟರೆ ಫಾಂಟ್ ಗಾತ್ರದ ಎರಡರಷ್ಟಾಗುತ್ತದೆ. ಕೋಡ್ ನಡುವೆ ಉರ್ದು ಬರೆಯುವವರಿಗೆ ಅರಬಿ ಮುದ್ರಣದಲ್ಲಿ ಸಾಮಾನ್ಯವಾದ, ನೇರ ಸಾಲಿನ ನಸ್ಖ್ ಶೈಲಿಯೇ ಅನುಕೂಲ, ಸಾಲು ಅಷ್ಟು ಜಾಗ ಕೇಳುವುದಿಲ್ಲ.

ಪೂರ್ಣವಿರಾಮ ಸಾಲಿನ ತಪ್ಪು ತುದಿಗೆ ಹಾರಿದ್ದರೆ ದಿಕ್ಕು ಬದಲಿಸಿ: ನೋಟ್‌ಪ್ಯಾಡ್‌ನಲ್ಲಿ ಕಂಟ್ರೋಲ್ ಜೊತೆ ಬಲಗಡೆಯ ಶಿಫ್ಟ್ ಒತ್ತಿ.