ನಿಂತೇ ಇರುವ ಕಾರಿನ ವೈಪರ್ ರಿಪೇರಿ ಮತ್ತು ಆರೈಕೆ

ಹಳೆಯ ಕಾರನ್ನು ಹೆಚ್ಚು ಓಡಿಸದೆ ಇಟ್ಟರೆ ಬಾಳಿಕೆ ಬರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಎಂಜಿನ್ ಸವೆಯುವುದಿಲ್ಲ, ನಿಜ. ಆದರೆ ನಿಂತಲ್ಲೇ ಗ್ರೀಸ್ ಒಣಗುತ್ತದೆ, ರಬ್ಬರ್ ಗಡುಸಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ನೀರು ಸೇರಿದ ಕಡೆಯಲ್ಲೆಲ್ಲ ತುಕ್ಕು ಏಳುತ್ತದೆ. ಈ ನಾಲ್ಕೂ ತೊಂದರೆ ಒಟ್ಟಿಗೆ ತಟ್ಟುವುದು ವೈಪರ್‌ಗೆ. ತಿಂಗಳುಗಟ್ಟಲೆ ಅಲುಗದೆ ಬಿದ್ದಿದ್ದ ವೈಪರ್ ಮಳೆ ಬಂದ ದಿನವೇ ಕೈಕೊಡುವುದು ಅದಕ್ಕೇ.

ಆಗ ಮೋಟರ್ ಸುಟ್ಟಿತೆಂದು ತೀರ್ಮಾನಿಸಿ ಹೊಸದನ್ನು ತರಿಸುವುದು ಅವಸರದ ಕೆಲಸ. ನಿಂತ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ವೈಪರ್ ತೋಳುಗಳನ್ನು ತಿರುಗಿಸುವ ಸ್ಪಿಂಡಲ್‌ಗಳನ್ನು. ಅವು ಹಿಡಿದುಕೊಂಡಿದ್ದರೆ ಹೊಸ ಮೋಟರ್ ಕೂಡ ಹೆಚ್ಚು ದಿನ ತಡೆಯದು.

ಬಿಚ್ಚುವ ಮೊದಲು ಲಕ್ಷಣ ನೋಡಿ

ಗಾಜಿಗೆ ಚೆನ್ನಾಗಿ ನೀರು ಹಾಕಿ, ಬ್ಯಾಟರಿ ಚಾರ್ಜ್ ಇರುವುದನ್ನು ಖಚಿತ ಮಾಡಿಕೊಂಡು ಸ್ವಿಚ್ ಹಾಕಿ. ಒಣ ಗಾಜಿನ ಮೇಲೆ ಸರಿಯಿರುವ ವೈಪರ್ ಕೂಡ ತಡವರಿಸುತ್ತದೆ, ಪರೀಕ್ಷೆ ದಾರಿ ತಪ್ಪುತ್ತದೆ.

ಯಾವ ಸದ್ದೂ ಇಲ್ಲದಿದ್ದರೆ ಫ್ಯೂಸ್‌ನಿಂದ ಶುರುಮಾಡಿ. ವೈಪರ್ ಫ್ಯೂಸ್ ಸಾಮಾನ್ಯವಾಗಿ 15ರಿಂದ 30 ಆಂಪಿಯರ್‌ನದು. ಯಾವ ಜಾಗದಲ್ಲಿದೆ ಎಂಬುದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನು ಹಾಕಿ. ಅದೂ ಸುಟ್ಟರೆ ದೊಡ್ಡ ಫ್ಯೂಸ್ ಹಾಕುವ ಗೋಜಿಗೆ ಹೋಗಲೇಬೇಡಿ. ತಿರುಗಲಾಗದ ಮೋಟರ್ ವಿಪರೀತ ಕರೆಂಟ್ ಎಳೆಯುತ್ತಿದೆ ಎಂದು ಅದರ ಅರ್ಥ. ಫ್ಯೂಸ್ ತಡೆದುಕೊಂಡರೆ ವೈರಿಂಗ್ ಸುಡುತ್ತದೆ. ಫ್ಯೂಸ್ ಸರಿಯಿದ್ದರೆ, ಮೋಟರ್‌ನ ಪ್ಲಗ್ ತೆಗೆದು ಸ್ವಿಚ್ ಹಾಕಿ ಮಲ್ಟಿಮೀಟರ್ ಹಿಡಿಯಿರಿ. ಅಲ್ಲಿ 12 ವೋಲ್ಟ್ ಬರದಿದ್ದರೆ ದೋಷ ರಿಲೇ, ಸ್ವಿಚ್ ಅಥವಾ ತಂತಿಯಲ್ಲಿದೆ. ವೋಲ್ಟೇಜ್ ಬರುತ್ತಿದ್ದು, ಅರ್ಥ್ ತಂತಿಯೂ ಸರಿಯಿದ್ದು ಮೋಟರ್ ಸುಮ್ಮನಿದ್ದರೆ, ಪ್ಲಗ್ ಮತ್ತೆ ಹಾಕಿ ಸ್ವಿಚ್ ಹಾಕಿಟ್ಟೇ ಅದರ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಆಗ ತಿರುಗಿದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೇ ಸಿಕ್ಕಿಕೊಂಡಿದೆ.

ಮೋಟರ್ ಗುಂಯ್‌ಗುಡುತ್ತಿದೆ, ತೋಳು ಏಳುವುದಿಲ್ಲ. ಅಥವಾ ಏದುಸಿರು ಬಿಟ್ಟಂತೆ ನಿಧಾನವಾಗಿ ಹತ್ತಿ ಇಳಿಯುತ್ತದೆ. ಅಥವಾ ಐದು ನಿಮಿಷ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಮೂರೂ ಬಹುಮಟ್ಟಿಗೆ ಹಿಡಿದುಕೊಂಡ ಸ್ಪಿಂಡಲ್‌ನ ಲಕ್ಷಣಗಳೇ. ಕೊನೆಯದರಲ್ಲಿ ಮೋಟರ್ ಒಳಗಿನ, ಬಿಸಿ ಮೀರಿದಾಗ ಕರೆಂಟ್ ಕಡಿಯುವ ಶಾಖದ ಕಟ್‌ಔಟ್ ಕೆಲಸ ಮಾಡುತ್ತಿರುತ್ತದೆ. ಒಂದೇ ತೋಳು ಆಡಿ ಇನ್ನೊಂದು ಸುಮ್ಮನಿದ್ದರೆ, ಮೋಟರ್‌ನ ಚಲನೆಯನ್ನು ತೋಳುಗಳಿಗೆ ಮುಟ್ಟಿಸುವ ಒಳಗಿನ ರಾಡ್‌ನ ಕೀಲು ಕಳಚಿದೆ, ಇಲ್ಲವೇ ತೋಳಿನ ನಟ್ ಸಡಿಲವಾಗಿದೆ; ನಟ್ ನೋಡುವುದು ಒಂದು ನಿಮಿಷದ ಕೆಲಸ, ಅದನ್ನೇ ಮೊದಲು ಮಾಡಿ. ಸ್ವಿಚ್ ಆರಿಸಿದಾಗ ವೈಪರ್ ಬುಡಕ್ಕೆ ಮರಳದೆ ಗಾಜಿನ ನಡುವೆಯೇ ನಿಂತರೆ ಮೋಟರ್‌ನ ಗೇರ್ ಮುಚ್ಚಳದೊಳಗಿನ ಪಾರ್ಕ್ ಸ್ವಿಚ್ ಕೊಳೆಯಾಗಿದೆ. ವೇಗದ ಓಟ ಮಾತ್ರ ಇದ್ದು ನಿಧಾನದ್ದು ಇಲ್ಲದಿದ್ದರೆ, ಅಥವಾ ಅದಕ್ಕೆ ತಿರುಗುಮುರುಗಾಗಿದ್ದರೆ, ಸ್ವಿಚ್ ಇಲ್ಲವೇ ಆಯಾ ವೇಗದ ಬ್ರಷ್ ನೋಡಬೇಕು.

ತೋಳು ಬಿಚ್ಚುವಾಗ ಗಾಜು ಜೋಪಾನ

ವೈಪರ್ ಮಲಗಿರುವಾಗ ಬ್ಲೇಡ್ ಗಾಜಿನ ಮೇಲೆ ಎಲ್ಲಿದೆಯೋ ಅಲ್ಲಿ ಸಣ್ಣ ಟೇಪ್ ಅಂಟಿಸಿ. ಮತ್ತೆ ಜೋಡಿಸುವಾಗ ಈ ಗುರುತೇ ಆಧಾರ. ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿಡಿ. ವೈಪರ್ ರಾಡ್‌ಗಳಿಗೆ ಬೆರಳು ಸಿಕ್ಕರೆ ಮೂಳೆ ಮುರಿಯುವಷ್ಟು ಬಲ ಆ ಸಣ್ಣ ಮೋಟರ್‌ಗಿದೆ. ಕೆಲವು ಹಳೆಯ ಮ್ಯೂಸಿಕ್ ಸಿಸ್ಟಂಗಳು ಮತ್ತೆ ಕೋಡ್ ಕೇಳುತ್ತವೆ, ಮೊದಲೇ ಹುಡುಕಿಟ್ಟುಕೊಳ್ಳಿ.

ತೋಳಿನ ಬುಡದ ಪ್ಲಾಸ್ಟಿಕ್ ಟೋಪಿ ಎತ್ತಿದರೆ ನಟ್ ಕಾಣುತ್ತದೆ. 12ರಿಂದ 14 ಎಂಎಂ ಸಾಕೆಟ್ ಸಾಮಾನ್ಯವಾಗಿ ಹೊಂದುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ತೋಳಿನ ಬುಡವನ್ನು ಅತ್ತಿತ್ತ ಅಲುಗಿಸಿ. ಸ್ಪಿಂಡಲ್‌ನ ತುದಿ ಶಂಕುವಿನಂತಿದ್ದು ಹಲ್ಲುಗಳಿರುತ್ತವೆ, ತೋಳು ಅದಕ್ಕೆ ಬಿಗಿಯಾಗಿ ಕಚ್ಚಿ ಕೂತಿರುತ್ತದೆ. ಬಾರದಿದ್ದರೆ ಎರಡು ಕಾಲಿನ ಸಣ್ಣ ಪುಲ್ಲರ್ ಬಳಸಿ. ಗಾಜಿಗೆ ಊರಿ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಗಾಜು ಬಿರುಕು ಬಿಡುವುದು ಖಂಡಿತ. ಬ್ಲೇಡ್ ಇಲ್ಲದ ತೋಳನ್ನು ಎತ್ತಿ ನಿಲ್ಲಿಸಿ ಹಾಗೇ ಬಿಡಬೇಡಿ. ಸ್ಪ್ರಿಂಗ್ ಬಲಕ್ಕೆ ಅದು ರಪ್ಪನೆ ಬಿದ್ದರೂ ಅದೇ ಗತಿ. ಗಾಜಿನ ಮೇಲೆ ಮಡಿಸಿದ ದಪ್ಪ ಟವೆಲ್ ಹಾಸಿಯೇ ಕೆಲಸ ಮಾಡಿ.

ಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿ ತೆಗೆಯುವಾಗಲೂ ಆತುರ ಬೇಡ. ಹಳೆಯ ಕಾರಿನಲ್ಲಿ ಅದರ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಪುಡಿಯಾಗುವಂತಿರುತ್ತವೆ. ಜಾಲರಿಯ ಕೆಳಗೆ ಕೊಳೆತ ಎಲೆಗಳ ರಾಶಿ ಸಿಕ್ಕರೆ ವೈಪರ್ ಕೆಟ್ಟದ್ದೇಕೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಎಲೆ ತುಂಬಿ ನೀರು ಹೋಗುವ ತೂತು ಕಟ್ಟಿದರೆ, ಮೋಟರ್ ಮತ್ತು ರಾಡ್‌ಗಳು ನೀರಲ್ಲೇ ಕೂರುತ್ತವೆ. ನೀರು ಇನ್ನೂ ಏರಿದರೆ ಬ್ಲೋವರ್ ಮೂಲಕ ಕಾರಿನ ಒಳಕ್ಕೂ ಇಳಿಯುತ್ತದೆ. ಎಲೆಯನ್ನು ಕೈಯಿಂದಲೇ ಬಾಚಿ, ಒಂದು ಲೀಟರ್ ನೀರು ಸುರಿದು, ಅದು ಎರಡೂ ಬದಿಯಿಂದ ಕೆಳಗೆ ಸುರಿಯುತ್ತದೆಯೇ ನೋಡಿ.

ಹಿಡಿದುಕೊಂಡ ಸ್ಪಿಂಡಲ್ ಬಿಡಿಸುವುದು

ಮೋಟರ್‌ನ ತಿರುಗುಗೋಲಿನಿಂದ, ಅಂದರೆ ಕ್ರ್ಯಾಂಕ್‌ನಿಂದ, ರಾಡ್‌ನ ಕೀಲನ್ನು ಅಗಲ ಬಾಯಿಯ ಸ್ಕ್ರೂಡ್ರೈವರ್‌ನಿಂದ ಮೀಟಿ ಬಿಡಿಸಿ. ಕ್ರ್ಯಾಂಕನ್ನು ಮೋಟರ್‌ನಿಂದ ಬಿಚ್ಚಬೇಡಿ. ಬಿಚ್ಚಲೇಬೇಕಾದರೆ ಅದು ಕೂತಿದ್ದ ಕೋನಕ್ಕೆ ಗೆರೆ ಎಳೆದಿಡಿ. ಈಗ ಬ್ಯಾಟರಿ ಜೋಡಿಸಿ, ಕೈ ದೂರವಿಟ್ಟು ಮೋಟರ್ ಒಂದನ್ನೇ ಓಡಿಸಿ. ಹಗುರವಾಗಿ ಒಂದೇ ಸಮನೆ ತಿರುಗಿದರೆ ಅದು ನಿರಪರಾಧಿ. ಮತ್ತೆ ಬ್ಯಾಟರಿ ಬಿಚ್ಚಿ ಒಂದೊಂದೇ ಸ್ಪಿಂಡಲ್ ಅನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸರಿಯಿರುವ ಸ್ಪಿಂಡಲ್ ಬೆರಳಿಗೇ ತಿರುಗುತ್ತದೆ. ಇಕ್ಕಳ ಬೇಕಾಯಿತೆಂದರೆ ಹಿಡಿದುಕೊಂಡಿದೆ. ಉಕ್ಕಿನ ಸ್ಪಿಂಡಲ್ ಅಲ್ಯೂಮಿನಿಯಂ ಗೂಡಿನಲ್ಲಿ ಕೂತಿರುತ್ತದೆ. ಮೇಲಿನ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಗಡುಸಾಗಿ ನೀರು ಒಳಗಿಳಿದರೆ ಉಕ್ಕು ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿ ಬಿಡುತ್ತದೆ. ಎರಡೂ ಸೇರಿ ಇದ್ದಬದ್ದ ಸಂದನ್ನು ತುಂಬಿಬಿಡುತ್ತವೆ.

1. ಬೋಲ್ಟ್‌ಗಳನ್ನು ಬಿಚ್ಚಿ ರಾಡ್‌ಗಳ ಇಡೀ ಚೌಕಟ್ಟನ್ನು ಹೊರತೆಗೆಯಿರಿ. ಹೊರಗೆ, ಬೆಳಕಲ್ಲಿ ಮಾಡಿದರೆ ಮಾತ್ರ ಇದು ಚೊಕ್ಕ ಕೆಲಸ.

2. ಸ್ಪಿಂಡಲ್ ತುದಿಯ ಸರ್ಕ್ಲಿಪ್ (ಸ್ಪಿಂಡಲ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ), ವಾಷರ್, ಓ-ರಿಂಗ್ ತೆಗೆದು, ಯಾವುದರ ಮೇಲೆ ಯಾವುದಿತ್ತೋ ಅದೇ ಕ್ರಮದಲ್ಲಿ ಜೋಡಿಸಿಡಿ. ಸರ್ಕ್ಲಿಪ್ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕವಿರಲಿ.

3. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಕಡೆಯಿಂದ ಹಾಕಿ ಕೆಲವು ಗಂಟೆ ನೆನೆಯಲು ಬಿಡಿ. ಜಗ್ಗದಿದ್ದರೆ, ಎಣ್ಣೆ ಒರೆಸಿ, ಹಾಟ್ ಏರ್ ಗನ್‌ನಿಂದ ಹೊರಗಿನ ಗೂಡನ್ನು ಬಿಸಿಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಬೆಂಕಿಯ ಜ್ವಾಲೆ ಬೇಡ, ನೈಲಾನ್ ಬುಷ್‌ಗಳು ಕರಗುತ್ತವೆ.

4. ತೋಳಿನ ನಟ್ಟನ್ನು ಸ್ಪಿಂಡಲ್ ತುದಿಗೆ ಸಮವಾಗಿ ಬರುವಷ್ಟು ಹಾಕಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹಗುರವಾಗಿ ಹೊಡೆಯಿರಿ. ನೇರ ಹೊಡೆದರೆ ಸ್ಪಿಂಡಲ್ ತುದಿಯ ಮರೆ (ತಿರುಪಿನ ಸುತ್ತುಗೆರೆ) ಹಾಳಾಗಿ ನಟ್ ಮತ್ತೆ ಕೂರುವುದಿಲ್ಲ. ಸಡಿಲವಾದ ಮೇಲೆ ನಟ್ ತೆಗೆದು ಸ್ಪಿಂಡಲ್ ಎಳೆದುಕೊಳ್ಳಿ.

5. ಸ್ಪಿಂಡಲ್ ಅನ್ನು 400 ನಂಬರಿನ, ಆಮೇಲೆ 600 ನಂಬರಿನ ಎಮರಿ ಕಾಗದದಲ್ಲಿ ನುಣುಪಾಗಿಸಿ. ಗೂಡಿನ ಒಳಮೈಗೆ 600 ನಂಬರನ್ನು ಕಡ್ಡಿಗೆ ಸುತ್ತಿ ಬಳಸಿ. ತುಕ್ಕು ಹೋದರೆ ಸಾಕು, ಲೋಹ ತಿನ್ನಬಾರದು. ಸಂದು ದೊಡ್ಡದಾದರೆ ತೋಳು ಅಲ್ಲಾಡುತ್ತದೆ, ನೀರು ಮತ್ತೆ ಇಳಿಯುತ್ತದೆ.

6. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ನೀರು ತಡೆಯುವ ಲಿಥಿಯಂ ಗ್ರೀಸ್ ಧಾರಾಳವಾಗಿ ಸವರಿ, ಹೊಸ ಓ-ರಿಂಗ್ ಹಾಕಿ ಜೋಡಿಸಿ.

ಬಿಚ್ಚುವ ಬದಲು ಮೇಲಿನಿಂದ ಸ್ಪ್ರೇ ಹೊಡೆದು ಆಡಿಸಿದರೆ ವೈಪರ್ ಅವತ್ತು ಓಡುತ್ತದೆ. ಅದು ತೆಳು ಎಣ್ಣೆ, ಬೇಗ ಹಾರಿಹೋಗುತ್ತದೆ. ಇದ್ದಬದ್ದ ಗ್ರೀಸನ್ನೂ ತೊಳೆದಿರುತ್ತದೆ. ಕೆಲವು ಕಾರುಗಳಲ್ಲಿ ಸರ್ಕ್ಲಿಪ್ ಇಲ್ಲದೆ ಸ್ಪಿಂಡಲ್ ಅನ್ನು ರಿವೆಟ್ಟಿನಂತೆ ಬಡಿದು ಕೂರಿಸಿರುತ್ತಾರೆ. ಅಂಥದ್ದರಲ್ಲಿ ಪೂರ್ತಿ ಚೌಕಟ್ಟು ಬದಲಿಸುವುದೇ ಸರಿ.

ಚೌಕಟ್ಟು ಕೈಯಲ್ಲಿರುವಾಗಲೇ ಕೀಲುಗಳನ್ನೂ ನೋಡಿ. ಕೀಲಿನ ನೈಲಾನ್ ಬಟ್ಟಲಿಗೆ ಗ್ರೀಸ್ ತುಂಬಿ, ಅದು ಕೂರುವ ಗುಂಡಿನ ಮೇಲಿಟ್ಟು ಇಕ್ಕಳದಿಂದ ಒತ್ತಿದರೆ ಟಪ್ಪೆಂದು ಕೂರಬೇಕು. ಕೈಯಿಂದಲೇ ಬಿಟ್ಟುಕೊಂಡರೆ ಬಟ್ಟಲು ಸವೆದಿದೆ, ಬದಲಿಸಿ. ತಂತಿ ಸುತ್ತಿ ಕಟ್ಟಿದ್ದು ಜೋರು ಮಳೆಯಲ್ಲೇ ಕಳಚುತ್ತದೆ. ಪಾರ್ಕ್ ಸ್ವಿಚ್ ತೊಂದರೆಯಿದ್ದರೆ ಗೇರ್ ಮುಚ್ಚಳ ತೆಗೆದು, ತಾಮ್ರದ ಪಟ್ಟಿಯ ಮೇಲೆ ಗಟ್ಟಿಯಾದ ಹಳೆಯ ಗ್ರೀಸನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ.

ಜೋಡಣೆಯಲ್ಲಿ ಕ್ರಮ ತಪ್ಪುವುದು ಒಂದೇ ಕಡೆ. ತೋಳು ಹಾಕುವ ಮೊದಲು ಮೋಟರ್ ಓಡಿಸಿ, ಸ್ವಿಚ್ ಆರಿಸಿ, ಅದು ತಾನಾಗಿ ತನ್ನ ಜಾಗದಲ್ಲಿ ನಿಲ್ಲಲು ಬಿಡಬೇಕು. ಆಮೇಲೆ ಟೇಪಿನ ಗುರುತಿಗೆ ತೋಳು ಕೂರಿಸಿ ನಟ್ ಬಿಗಿಯಿರಿ. ಮೋಟರ್ ಅರ್ಧದಲ್ಲಿರುವಾಗ ತೋಳು ಹಾಕಿದರೆ ಬ್ಲೇಡ್ ಹೋಗಿ ಗಾಜಿನ ಅಂಚಿನ ಕಂಬಕ್ಕೋ ಬಾನೆಟ್‌ಗೋ ಬಡಿಯುತ್ತದೆ.

ಬ್ಲೇಡ್, ಗಾಜು, ನೀರಿನ ಪಿಚಕಾರಿ

ನಿಂತ ಕಾರಿನ ಬ್ಲೇಡ್ ರಬ್ಬರ್ ಒಂದೇ ಭಂಗಿಯಲ್ಲಿ ಮಡಚಿಕೊಂಡು ಗಡುಸಾಗಿರುತ್ತದೆ. ವೈಪರ್ ದಿಕ್ಕು ಬದಲಿಸಿದಾಗ ರಬ್ಬರ್ ತುಟಿ ಇನ್ನೊಂದು ಬದಿಗೆ ವಾಲಬೇಕು; ವಾಲದಿದ್ದರೆ ಕಟಕಟ ಸದ್ದು ಮಾಡುತ್ತಾ ಜಿಗಿಯುತ್ತದೆ. ಹೊಸ ಬ್ಲೇಡ್ ಹಾಕಿದರೂ ಒಂದೇ ದಿಕ್ಕಿನಲ್ಲಿ ಜಿಗಿದರೆ ತೋಳು ತಿರುಚಿಕೊಂಡಿದೆ: ಬ್ಲೇಡ್ ಇಲ್ಲದ ತೋಳಿನ ತುದಿ ಗಾಜಿಗೆ ಸಮಾನಾಂತರವಾಗಿ ಕೂರಬೇಕು, ಇಲ್ಲದಿದ್ದರೆ ತೋಳನ್ನು ಗಾಜಿನಿಂದ ಎತ್ತಿ ಹಿಡಿದು ಸ್ಪ್ಯಾನರ್‌ನಿಂದ ಚೂರು ತಿರುವಬೇಕು. ತೆಳು ಗೆರೆ ಉಳಿದರೆ ರಬ್ಬರ್ ಹರಿದಿದೆ. ಮಂಜು ಮುಸುಕಿದಂತೆ ಕಂಡರೆ ಗಾಜಿನ ಮೇಲೆ ಎಣ್ಣೆ ಅಥವಾ ವ್ಯಾಕ್ಸ್ ಪದರವಿದೆ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ನೀರು ಚಿಮ್ಮದಿದ್ದರೆ ನಳಿಕೆಯ ತೂತಿಗೆ ತೆಳು ಸೂಜಿ ಹಾಕಿ, ಬಾನೆಟ್ ಕೀಲಿನ ಬಳಿ ರಬ್ಬರ್ ಪೈಪ್ ಸೀಳಿದೆಯೇ ನೋಡಿ. ಟ್ಯಾಂಕಿನ ನೀರು ಹಳೆಯದಾದರೆ ಪಾಚಿ ಕಟ್ಟುತ್ತದೆ. ಖಾಲಿ ಟ್ಯಾಂಕಿನಲ್ಲಿ ಪಂಪ್ ಒತ್ತುತ್ತಲೇ ಇದ್ದರೆ ಅದು ಸುಡುತ್ತದೆ.

ಅಪರೂಪಕ್ಕೆ ಓಡುವ ಕಾರಿನ ಆರೈಕೆ

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಬಹಳ ಮನೆಗಳ ರೂಢಿ. ಇದನ್ನು ಬಿಡುವುದೇ ಒಳ್ಳೆಯದು. ಎಂಜಿನ್ ಪೂರ್ತಿ ಬಿಸಿಯಾಗದೆ ಆರಿದರೆ, ಉರಿದಾಗ ಹುಟ್ಟಿದ ನೀರಾವಿ ಎಣ್ಣೆಯಲ್ಲೂ ಸೈಲೆನ್ಸರ್‌ನಲ್ಲೂ ನೀರಾಗಿ ಉಳಿಯುತ್ತದೆ. ಸ್ಟಾರ್ಟ್ ಮಾಡಲು ತೆಗೆದುಕೊಂಡ ಚಾರ್ಜ್ ಕೂಡ ಬ್ಯಾಟರಿಗೆ ಪೂರ್ತಿ ಮರಳಿರುವುದಿಲ್ಲ. ಎರಡು ವಾರಕ್ಕೊಮ್ಮೆಯಾದರೂ ಸರಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ರಸ್ತೆಯಲ್ಲಿ ಓಡಿಸಿ. ಮೀಟರ್ ಮುಳ್ಳು ತೋರಿಸುವುದು ಕೂಲಂಟ್ ಬಿಸಿಯನ್ನು; ಎಣ್ಣೆ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಅದೇ ಓಟದಲ್ಲಿ ಎಸಿಯನ್ನು ಹತ್ತು ನಿಮಿಷ ಹಾಕಿದರೆ ಒಳಗಿನ ಎಣ್ಣೆ ಸುತ್ತಾಡಿ ಸೀಲುಗಳು ಒಣಗುವುದಿಲ್ಲ. ಗಾಜು ಒದ್ದೆ ಮಾಡಿ ವೈಪರನ್ನೂ ಒಂದಷ್ಟು ಹೊತ್ತು ಆಡಿಸಿ.

ಆರಿಸಿಟ್ಟ ಕಾರಿನಲ್ಲೂ ಗಡಿಯಾರ, ಅಲಾರಂ ಇತ್ಯಾದಿಗಳು ಕರೆಂಟ್ ಎಳೆಯುತ್ತಿರುತ್ತವೆ. ಅದು 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 0.72 ಆಂಪಿಯರ್-ಅವರ್, ತಿಂಗಳಿಗೆ ಸುಮಾರು 22. ಅಂದರೆ 45 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಖಾಲಿ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ತಿಂಗಳು ಮೀರಿ ನಿಲ್ಲುವುದಾದರೆ ನೆಗೆಟಿವ್ ತುದಿ ಬಿಚ್ಚಿ, ಅಥವಾ ತುಂಬಿದ ಮೇಲೆ ತಾನೇ ಕರೆಂಟ್ ತಗ್ಗಿಸುವ ಚಾರ್ಜರ್ ಹಾಕಿಡಿ.

ಟೈರ್‌ಗಳಿಗೆ ನಿಗದಿಗಿಂತ 3ರಿಂದ 5 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ, ಆದರೆ ಟೈರ್ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿ ಮೀರಬೇಡಿ. ಓಡಿಸುವ ಮೊದಲು ಮತ್ತೆ ಇಳಿಸಿ. ಕಾರನ್ನು ಆಗಾಗ ಅರ್ಧ ಸುತ್ತು ಮುಂದಕ್ಕೆ ಸರಿಸಿದರೆ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಕಡಿಮೆ ಓಡಿದ ಟೈರ್‌ನ ಗೀರುಗಳು ಹೊಸದರಂತೆಯೇ ಕಾಣುತ್ತವೆ, ಮೋಸ ಹೋಗಬೇಡಿ. ಪಕ್ಕದ ನಾಲ್ಕಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಹತ್ತು ವರ್ಷವಾದ ಟೈರ್ ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಬೇಕು.

ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಗಳಿಗೆ ಅಡ್ಡ ಕಟ್ಟೆ ಕೊಡಿ. ಎಂಜಿನ್ ಆಯಿಲ್ ಅನ್ನು ಕಿಲೋಮೀಟರ್ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು: ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ್ದರ ಕನಿಷ್ಠ ಮಿತಿ 155 ಮಾತ್ರ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಬೆಲ್ಟ್‌ಗೂ ವರ್ಷದ ಮಿತಿಯಿದೆ, ಮ್ಯಾನ್ಯುಯಲ್ ನೋಡಿ. ಪೆಟ್ರೋಲ್ ಮೂರರಿಂದ ಆರು ತಿಂಗಳಲ್ಲಿ ಹಳಸುತ್ತದೆ. ಎಥನಾಲ್ ಬೆರೆತದ್ದು ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲುವುದಾದರೆ ಫ್ಯೂಯಲ್ ಸ್ಟೆಬಿಲೈಸರ್ ಹಾಕಿ, ಅದು ಎಂಜಿನ್‌ವರೆಗೂ ತಲುಪುವಂತೆ ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ. ಡೀಸೆಲ್ ಕಾರಾದರೆ ಫಿಲ್ಟರ್‌ನಲ್ಲಿ ಸೇರಿದ ನೀರನ್ನು ಆಗಾಗ ಇಳಿಸಿ.

ಬಹಳ ದಿನದ ಮೇಲೆ ಹೊರಡಿಸುವಾಗ ಕೀಲಿ ತಿರುಗಿಸುವ ಮೊದಲು ಬಾನೆಟ್ ತೆರೆಯಿರಿ. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿರಬಹುದು, ವೈರ್ ಕಡಿದಿರಬಹುದು. ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ಅದು ಕೆಳಗಿಳಿಯುತ್ತಲೇ ಹೋದರೆ ಕಾರು ಕದಲಿಸಬೇಡಿ. ಎಲ್ಲವೂ ಸರಿಯಿದ್ದರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಐದಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ. ಡಿಸ್ಕ್ ಮೇಲಿನ ತೆಳು ತುಕ್ಕು ಉಜ್ಜಿ ಹೋಗುತ್ತದೆ, ಕರಕರ ಸದ್ದು ನಿಲ್ಲುತ್ತದೆ. ನಿಲ್ಲದೆ ಉಳಿದರೆ ಅಥವಾ ಒಂದು ಚಕ್ರ ಮಾತ್ರ ಬಿಸಿಯಾದರೆ ಕ್ಯಾಲಿಪರ್ ಬಿಚ್ಚಿಸಿ ನೋಡಬೇಕು. ವಾಪಸ್ ಬಂದ ಮೇಲೆ ಕಾರಿನ ಕೆಳಗೆ ಒಂದು ರಟ್ಟು ಹಾಸಿ, ಮಾರನೆಯ ಬೆಳಿಗ್ಗೆ ಅದರ ಮೇಲೆ ಎಣ್ಣೆಯೋ ಕೂಲಂಟೋ ತೊಟ್ಟಿಕ್ಕಿದೆಯೇ ಎಂದು ನೋಡಿ.