ಬಿ ವಿಂಗಿನ ಎರಡನೇ ಲಿಫ್ಟ್

ಮುಂಬಯಿಯ ಮುಲುಂಡಿನಲ್ಲಿರೋ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಆಫೀಸ್ ರೂಮಿನಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಕನ್ನಡದ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದಿಸುತ್ತೇನೆ. ಎಂಟರಿಂದ ಹತ್ತನೇ ಕ್ಲಾಸಿನವರು. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಕೆಳಗೆ ಆಡುವಾಗ ಹಿಂದಿ, ಓದೋದು ಇಂಗ್ಲಿಷ್. ಹಾಗಾಗಿ ಪುಸ್ತಕ ಇಂಗ್ಲಿಷಿನದು, ಮಾತು ನಮ್ಮದು.

ಕಳೆದ ವರ್ಷ ಡಿಸ್ಟೋಪಿಯಾ ಕಥೆ ಹಿಡಿದೆವು. ಮುಂದೆ ಕಾಲ ಕೆಟ್ಟರೆ ಬದುಕು ಹೇಗಿರುತ್ತೆ ಅನ್ನೋ ಕಥೆಗಳು. ನಾನು ಶುರು ಮಾಡಿದ್ದು ಜಾರ್ಜ್ ಆರ್ವೆಲ್‌ನ ‘1984’ರಿಂದ. ಅದೇ ತಪ್ಪಾಯಿತು. 1949ರ ಪುಸ್ತಕ. ಮನೆಯೊಳಗಿನ ಪರದೆ ನಮ್ಮನ್ನೇ ನೋಡ್ತಿರುತ್ತೆ, ಪೂರ್ತಿ ಆಫ್ ಮಾಡೋಕೆ ಆಗಲ್ಲ ಅಂತ ನಾನು ದನಿ ಇಳಿಸಿ ಹೇಳಿದರೆ, ಒಬ್ಬ ಹುಡುಗ ಆಕಳಿಸಿಕೊಂಡು, ‘ಆಂಟಿ, ನಮ್ಮ ಕ್ಲಾಸಲ್ಲೇ ಎರಡು ಕ್ಯಾಮೆರಾ ಇದೆ’ ಅಂದ. ನನ್ನ ಭಯ ಅವರಿಗೆ ಮಾಮೂಲು.

ಆಮೇಲೆ ಲೋಯಿಸ್ ಲೌರಿಯ ‘ದಿ ಗಿವರ್’. 1993ರದು, ಈ ವಯಸ್ಸಿನವರಿಗೆಂದೇ ಬರೆದದ್ದು. ಆ ಊರಲ್ಲಿ ಜಗಳ ಇಲ್ಲ, ಹಸಿವಿಲ್ಲ. ಮಕ್ಕಳಿಗೆ ಹನ್ನೆರಡಾದಾಗ ಹಿರಿಯರೇ ನಿನ್ನ ಕೆಲಸ ಇಂಥದ್ದು ಅಂತ ಹೇಳಿಬಿಡ್ತಾರೆ. ‘ಹಾಗಾದ್ರೆ ಕೋಚಿಂಗ್ ಕ್ಲಾಸೇ ಬೇಡ!’ ಅಂತ ಇವರಿಗೆಲ್ಲ ಖುಷಿಯೋ ಖುಷಿ. ನಾನು ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. ನಾನು ಮಾಡಿದ ಜಾಣ ಕೆಲಸ ಅದೊಂದೇ ಇರಬೇಕು. ಮೂರು ವಾರ ಆ ಊರು ಅವರಿಗೆ ಬಹಳ ಇಷ್ಟವಾಗಿತ್ತು. ಆಮೇಲೆ ಅವಳಿ ಕೂಸುಗಳ ಭಾಗ ಬಂತು. ಎರಡರಲ್ಲಿ ತೂಕ ಕಡಿಮೆ ಇದ್ದ ಕೂಸಿಗೆ ‘ಬಿಡುಗಡೆ’. ಹಾಗಂದರೆ ಏನು ಅಂತ ಕಥೆಯ ಹುಡುಗ ಜೋನಸ್‌ಗೆ ಗೊತ್ತಾಗೋದು ಅಲ್ಲೇ. ಅವನಪ್ಪ ಮುದ್ದು ಮಾಡ್ತಲೇ ಕೂಸಿಗೆ ಸೂಜಿ ಚುಚ್ಚಿ ಕೊಲ್ಲುತ್ತಾನೆ. ಓದುತ್ತಿದ್ದ ಹುಡುಗಿ ಅಲ್ಲಿಗೇ ನಿಂತಳು. ಹೊರಗೆ ಯಾರೋ ಪೈಪು ಹಿಡಿದು ಕಾರು ತೊಳೆಯುವ ಸದ್ದು, ಅಷ್ಟೇ.

ಆ ರಾತ್ರಿ ಒಬ್ಬ ತಾಯಿಯ ಫೋನ್. ಮಗಳು ಊಟ ಬಿಟ್ಟಿದ್ದಾಳೆ, ಏನ್ರೀ ಓದಿಸ್ತೀರಿ ಅಂತ. ಅವರದೂ ತಪ್ಪಲ್ಲ. ಬರೀ ಹೆದರಿಸಿ ಕಳಿಸಿದರೆ ಹೇಗೆ?

ಮುಂದಿನ ವಾರ, ನೀವೇ ಬರೀರಿ ಅಂದೆ. ರೋಬೋಟು, ಬಾಂಬು ಬೇಡ. ದಿನಾ ಕಣ್ಣಿಗೆ ಬೀಳೋ ಒಂದು ಸಂಗತಿಯನ್ನು 50 ವರ್ಷ ಮುಂದಕ್ಕೆ ಎಳೀರಿ. ಒಬ್ಬನ ಮುಂಬಯಿಯಲ್ಲಿ ಮೊದಲ ಮಹಡಿವರೆಗೂ ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅವತ್ತು ಅವನಪ್ಪ ಸೊಂಟಮಟ್ಟದ ನೀರಲ್ಲಿ ಕುರ್ಲಾದಿಂದ ನಡೆದು ಬಂದಿದ್ದರು. ಹುಡುಗ ಅದನ್ನೇ ಕೇಳಿ ಬೆಳೆದವನು.

ಎಂಟನೇ ಕ್ಲಾಸಿನವಳೊಬ್ಬಳು 2075ರ ಕಟ್ಟಡ ಬರೆದಳು. ಮುಂದಿನ ಲಿಫ್ಟಿಗೆ ಬೆರಳಿಟ್ಟರೆ ನಿಮ್ಮ ಬ್ಯಾಂಕಿನ ದುಡ್ಡು ನೋಡಿ ಬಾಗಿಲು ತೆಗೆಯುತ್ತೆ. ದುಡ್ಡಿಲ್ಲದವರು ಹಿಂದಿನ ಲಿಫ್ಟಲ್ಲಿ, ಕಸದ ಡಬ್ಬಿ ಜೊತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕಳಿಸಿದ್ದ ಹುಡುಗ ಮಾತ್ರ, ‘ಇದು ನಮ್ಮ ಬಿ ವಿಂಗ್ ಅಲ್ವಾ?’ ಅಂದ.

ಹೌದು. ಮನೆಗೆಲಸದ ಹೆಂಗಸರು, ಡೆಲಿವರಿ ಹುಡುಗರು ಹಿಂದಿನ ಲಿಫ್ಟಲ್ಲೇ ಹೋಗಬೇಕು ಅಂತ ಅಲ್ಲಿ ಬೋರ್ಡಿದೆ. ಅದನ್ನು ಹಾಕಿಸಿದ ಕಮಿಟಿಯಲ್ಲಿ ನಮ್ಮ ಯಜಮಾನರೂ ಇದ್ದರು. ಹುಡುಗಿ ಪೆನ್ನು ತೆಗೆದು 2075ನ್ನು ಹೊಡೆದು ಹಾಕಿದಳು.

ಬೋರ್ಡು ತೆಗೀರಿ ಅಂತ ಮಕ್ಕಳು ಕಮಿಟಿಗೆ ಮರಾಠಿಯಲ್ಲಿ ಅರ್ಜಿ ಬರೆದಿದ್ದಾರೆ. ತಪ್ಪು ತಿದ್ದಿಕೊಟ್ಟವಳು ನಾನೇ. ಯಜಮಾನರಿಗೆ ಇನ್ನೂ ಹೇಳಿಲ್ಲ.