ಎರಡು ಬೆರಳು, ಐದು ತಂತಿ: ಬ್ಯಾಂಜೋ ಜೊತೆ ನನ್ನ ಅನುಭವ

ಬ್ಯಾಂಜೋ ಕಲಿಯುತ್ತಿದ್ದೇನೆ ಅಂತ ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ಕೇಳಿದ್ದು, “ಗಣಪತಿ ಮೆರವಣಿಗ್ಯಾಗ ಬಾರಸ್ತಾರಲ್ಲ, ಅದನ?” ಅವಳ ತಪ್ಪೇನಿಲ್ಲ. ನಮ್ಮ ಬೆಳಗಾವಿ ಕಡೆ ಬ್ಯಾಂಜೋ ಅಂದರೆ ಗುಂಡಿ ಒತ್ತುತ್ತಾ ಬಾರಿಸುವ ಉದ್ದನೆಯ ಪೆಟ್ಟಿಗೆ, ಬುಲ್‌ಬುಲ್ ತರಂಗ. ನಾನು ಹೇಳುತ್ತಿರುವುದು ಅಮೆರಿಕದ್ದು. ಹಲಗಿಯ ಹಾಗೆ ದುಂಡಗೆ ಚರ್ಮ ಬಿಗಿದಿರುತ್ತೆ (ಈಗ ಪ್ಲಾಸ್ಟಿಕ್ಕೇ ಜಾಸ್ತಿ), ಉದ್ದ ಕುತ್ತಿಗೆ, ಐದು ತಂತಿ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನ ಸೋರೆ ಬುರುಡೆಗೆ ಚರ್ಮ ಕಟ್ಟಿ ಮಾಡಿಕೊಂಡಿದ್ದ ವಾದ್ಯದಿಂದ ಬೆಳೆದದ್ದು.

ನಾನಿರುವುದು ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಕೆಲಸಕ್ಕೆ ಬಂದವನು, ಇಲ್ಲಿನ ಬೆಟ್ಟದ ಸಂಗೀತದ ಗಂಧಗಾಳಿ ಇರಲಿಲ್ಲ. ಕಿವಿಗೆ ಬಿದ್ದ ಮೇಲೆ ಬಿಡಲಿಲ್ಲ, ಅಷ್ಟೆ. ಮೊದಲು ತಂದ ಬ್ಯಾಂಜೋ ನಾಲ್ಕು ತಂತಿಯದು. ಅಂಗಡಿಯವನು ಎಲ್ಲ ಒಂದೇ ಅಂದ, ನಾನೂ ನಂಬಿದೆ. ಅದು ಬೇರೆಯೇ ಜಾತಿ, ಓಲ್ಡ್ ಟೈಮ್ ಅನ್ನುವ ಈ ಬೆಟ್ಟದ ಹಳೆ ಹಾಡಿಗೆ ಆಗಿಬರುವುದಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ವಾಪಸ್ ಕೊಡುವ ದಿನ ದಾಟಿತ್ತು. ಎರಡನೇ ಸಲ ಐದು ತಂತಿ ಎಣಿಸಿ ನೋಡಿಯೇ ತಂದೆ.

ಒಂದು ವರ್ಷ ಕ್ಲಾಹ್ಯಾಮರ್ ಬಡಿದೆ. ಇಲ್ಲಿ ಬಹಳ ಜನ ನುಡಿಸುವುದು ಅದನ್ನೇ. ಬೆರಳು ಮಡಿಚಿ, ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಹೊಡೆಯುವುದು. ನನ್ನ ಉಗುರೋ ಹಪ್ಪಳ. ವಾರಕ್ಕೊಮ್ಮೆ ಮುರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಇದೇ ರಾಜ್ಯದ ಮೌಂಟ್ ಏರಿ ಎಂಬ ಊರಿಗೆ ಹೋದೆ. ಅಲ್ಲಿ ಪ್ರತಿ ಜೂನ್ ಮೊದಲ ವಾರಾಂತ್ಯದಲ್ಲಿ ಪಿಟೀಲಿನವರ ಮೇಳ ಸೇರುತ್ತೆ. ವೇದಿಕೆಯ ಸ್ಪರ್ಧೆ ಒಂದು ಕಡೆ, ನಿಜವಾದ ಮಜಾ ಇರುವುದು ಬಯಲಲ್ಲಿ ಗುಡಾರ ಹಾಕಿಕೊಂಡು ಗುಂಪು ಗುಂಪಾಗಿ ಕೂತು ನುಡಿಸುವವರ ಹತ್ತಿರ. ಅಲ್ಲೊಬ್ಬರು ಅಜ್ಜ ಮಡಚುವ ಕುರ್ಚಿಯಲ್ಲಿ ಕೂತು ಹೆಬ್ಬೆರಳು, ತೋರುಬೆರಳು ಎರಡನ್ನೇ ಆಡಿಸುತ್ತಿದ್ದರು. ಕೈ ಅಲ್ಲಾಡುತ್ತಲೇ ಇರಲಿಲ್ಲ. ನೀರು ತೊಟ್ಟಿಕ್ಕಿದ ಹಾಗೆ ಸ್ವರ ಬೀಳುತ್ತಿತ್ತು. ಉಗುರಿನ ಗೊಡವೆ ಇಲ್ಲವಲ್ಲ ಅಂತ ನನಗೆ ಮೊದಲು ಹೊಳೆದದ್ದು, ನಾಚಿಕೆ ಬಿಟ್ಟು ಹೇಳುತ್ತೇನೆ.

ಈ ಎರಡು ಬೆರಳಿನ ಪದ್ಧತಿ ಕೆಂಟಕಿ, ನಾರ್ತ್ ಕೆರೊಲಿನಾ ಬೆಟ್ಟಗಳಲ್ಲಿ ಮನೆಮನೆಯ ಮಾತಾಗಿತ್ತು. ಬ್ಯಾಂಜೋ ಅಂದರೆ ಎಲ್ಲರ ಬಾಯಲ್ಲಿ ಬರುವ ಅರ್ಲ್ ಸ್ಕ್ರಗ್ಸ್ ಕೂಡ ಚಿಕ್ಕವನಿದ್ದಾಗ ಎರಡೇ ಬೆರಳಿನಲ್ಲಿ ನುಡಿಸುತ್ತಿದ್ದ. ಮೂರನೆಯದು ಸೇರಿದ್ದು ಹತ್ತು ವರ್ಷದವನಿದ್ದಾಗ. 1945ರಲ್ಲಿ ಅವನು ಹೆಸರಾಂತ ಗಾಯಕ ಬಿಲ್ ಮನ್ರೋ ತಂಡ ಸೇರಿದ ಮೇಲೆ ಎಲ್ಲರಿಗೂ ಮೂರು ಬೆರಳಿನ ಹುಚ್ಚು ಹಿಡಿಯಿತು, ಎರಡು ಬೆರಳಿನವರು ಹಿಂದೆ ಬಿದ್ದರು. ಆದರೂ ಬಿಡದವರಿದ್ದರು. ವೇಡ್ ಮೇನರ್ 1907ರಲ್ಲಿ ಹುಟ್ಟಿ 2011ರವರೆಗೆ ಬದುಕಿದವರು, ಅವರದ್ದು ಎರಡೇ ಬೆರಳು. ಕೆಂಟಕಿಯ ಡೇಸಿ ಎಂಬ ಸಣ್ಣ ಊರಿನ ರಾಸ್ಕೋ ಹೋಲ್ಕಂಬ್ ನುಡಿಸಿದ್ದು ಕೇಳಿದರೆ ಎರಡು ಬೆರಳಿನಲ್ಲಿ ಇಷ್ಟು ಆವೇಶ ಹೇಗೆ ಅಂತ ಅನ್ನಿಸುತ್ತೆ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಇವರನ್ನೇ ಹಾಕಿಕೊಂಡು ಕೇಳುತ್ತಿದ್ದೆ. ಕೈಗಿಂತ ಮೊದಲು ಕಿವಿ ಕಲಿಯಿತು.

ಎರಡೇ ಬೆರಳು, ಎರಡು ವಾರದಲ್ಲಿ ಬಂದುಬಿಡುತ್ತೆ ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ. ಇದರಲ್ಲಿ ಎರಡು ದಾರಿ ಇವೆ. ಒಂದರಲ್ಲಿ ಹೆಬ್ಬೆರಳು ಯಜಮಾನ: ಹಾಡಿನ ಸ್ವರವನ್ನು ಅದು ಹಿಡಿಯುತ್ತೆ, ತೋರುಬೆರಳು ಮೊದಲನೇ ತಂತಿಯನ್ನು (ನೆಲದ ಕಡೆಯಿಂದ ಎಣಿಸಬೇಕು) ಸುಮ್ನೆ ಮೀಟುತ್ತಾ ಇರುತ್ತೆ. ಇನ್ನೊಂದರಲ್ಲಿ ತೋರುಬೆರಳು ಹಾಡು ಹಿಡಿಯುತ್ತೆ, ಹೆಬ್ಬೆರಳು ಐದನೇ ತಂತಿಯ ಹತ್ತಿರವೇ ಕೂತು ಎರಡು ಸ್ವರಗಳ ನಡುವೆ ಟಿಣ್ ಅನ್ನಿಸುತ್ತೆ. ಯಾರೂ ನನಗೆ ಇದನ್ನು ಬಿಡಿಸಿ ಹೇಳಲಿಲ್ಲ, ಅಥವಾ ಹೇಳಿದರೂ ನಾನು ಕೇಳಿಸಿಕೊಳ್ಳಲಿಲ್ಲ. ಒಂದು ಸಾಲು ಹೀಗೆ, ಇನ್ನೊಂದು ಸಾಲು ಹಾಗೆ ಕಲಸುಮೇಲೋಗರ ಮಾಡಿಕೊಂಡು ಆರು ತಿಂಗಳು ಕಳೆದೆ. ಪ್ರತಿ ಹಾಡೂ ಮಧ್ಯದಲ್ಲಿ ಕುಂಟುತ್ತಿತ್ತು. ಕೊನೆಗೆ ಹೆಬ್ಬೆರಳಿನದನ್ನೇ ಹಿಡಿದು, ಮೂರು ತಿಂಗಳು ಇನ್ನೊಂದನ್ನು ಮುಟ್ಟುವುದಿಲ್ಲ ಅಂತ ಹಟ ಮಾಡಿದೆ.

ಹೆಬ್ಬೆರಳಿನ ದಾರಿಯ ಮೂಲ ಲೆಕ್ಕ ಬಾಯಲ್ಲಿ ಹೇಳಿಕೊಂಡರೆ ಸುಲಭ. ಧಾ, ತಿಟ. ಧಾ, ತಿಟ. ‘ಧಾ’ ಪೂರ್ತಿ ಒಂದು ಮಾತ್ರೆ, ಹೆಬ್ಬೆರಳು ಹಾಡಿನ ಸ್ವರ ಮೀಟಬೇಕು. ‘ತಿ’ಗೆ ತೋರುಬೆರಳು ಮೊದಲನೇ ತಂತಿಯನ್ನು ಮೇಲಕ್ಕೆಳೆಯಬೇಕು. ‘ಟ’ಗೆ ಹೆಬ್ಬೆರಳು ಐದನೆಯದಕ್ಕೆ ಹಾರಿ ಬರಬೇಕು. ಐದನೆಯದು ಗಿಡ್ಡ ತಂತಿ, ಅದರ ಬಿರಡೆ ಕುತ್ತಿಗೆಯ ಪಕ್ಕದಲ್ಲೇ ಇರುತ್ತೆ, ಹೆಬ್ಬೆರಳಿಗೆ ಎಲ್ಲಕ್ಕಿಂತ ಹತ್ತಿರದ್ದು ಅದೇ, ಆದರೆ ಸ್ವರ ಎಲ್ಲಕ್ಕಿಂತ ಮೇಲಿನದು. ಸಿತಾರಿನ ಚಿಕಾರಿ, ಅಂದರೆ ನಡುನಡುವೆ ಲಯಕ್ಕೆ ಮೀಟುವ ಪಕ್ಕದ ತಂತಿ, ನೋಡಿದವರಿಗೆ ತಕ್ಷಣ ಹೊಳೆಯುತ್ತೆ, ಅದೇ ಕೆಲಸ.

ಖಾಲಿ ಇರುವ ಬೆರಳುಗಳದ್ದೇ ದೊಡ್ಡ ತಲೆನೋವು. ನಡುಬೆರಳು ತಾನೂ ಬರ್ತೀನಿ ಅಂತ ಪ್ರತಿ ಸಲ ಏಳುತ್ತಿತ್ತು. ಉಂಗುರ ಬೆರಳು, ಕಿರುಬೆರಳು ಎರಡನ್ನೂ ಕುದುರೆಯ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು) ಪಕ್ಕ ಚರ್ಮದ ಮೇಲೆ ಊರಿದೆ. ನಡುಬೆರಳನ್ನು ಉಂಗುರ ಬೆರಳಿಗೆ ಸೇರಿಸಿ ಕೊತ್ತಂಬರಿ ಕಟ್ಟಿಗೆ ಬರುತ್ತಲ್ಲ, ಆ ರಬ್ಬರ್ ಬ್ಯಾಂಡ್ ಹಾಕಿದೆ. ಹೆಂಡತಿ ನೋಡಿ ನಕ್ಕಳು. ಎರಡು ವಾರದಲ್ಲಿ ನಡುಬೆರಳು ತೆಪ್ಪಗಾಯಿತು. ಆದರೆ ಬಿಗಿಯಾಗಿ ಊರಬೇಡಿ, ನಾನು ಊರಿ ಮಣಿಕಟ್ಟು ನೋಯಿಸಿಕೊಂಡು ಹತ್ತು ದಿನ ನುಡಿಸಲಿಲ್ಲ. ನೊಣ ಕೂತ ಹಾಗೆ ಇದ್ದರೆ ಸಾಕು.

ಕೈ ಓಡತೊಡಗಿದ ಮೇಲೆ ಖುಷಿಯಿಂದ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಹಾಡೇ ಇಲ್ಲ! ಬರೀ ಐದನೇ ತಂತಿಯ ಟಿಣ್ ಟಿಣ್. ಕುಲ್ಫಿ ಗಾಡಿಯ ಗಂಟೆ ಇದ್ದ ಹಾಗೆ. ನುಡಿಸುವಾಗ ತಲೆಯಲ್ಲಿ ಹಾಡು ಓಡುತ್ತಿರುತ್ತಲ್ಲ, ಹಾಗಾಗಿ ನನಗೆ ಕೇಳಿಸುತ್ತಿತ್ತು, ಬೇರೆಯವರಿಗೆ ಇಲ್ಲ. ಒಂದೇ ಹೆಬ್ಬೆರಳು ‘ಧಾ’ಗೆ ಜೋರಾಗಿ, ‘ಟ’ಗೆ ಮೆಲ್ಲಗೆ ಮೀಟಬೇಕು. ಇದಕ್ಕೆ ನಾನು ಮಾಡಿದ್ದು ಇಷ್ಟು: ಐದನೇ ತಂತಿಯನ್ನು ಮೀಟುವುದನ್ನೇ ಬಿಟ್ಟು, ಆ ಜಾಗಕ್ಕೆ ಹೆಬ್ಬೆರಳನ್ನು ತಂದು ತಂತಿಗೆ ಸವರಿ ಸುಮ್ಮನಾಗುವುದು. ಹಾಡು ಒಂಟಿಯಾಗಿ ನಿಂತ ಮೇಲೆ ಐದನೆಯದನ್ನು ಉಪ್ಪು ಹಾಕಿದ ಹಾಗೆ ಸ್ವಲ್ಪ ಸ್ವಲ್ಪ ಸೇರಿಸಿದೆ. ಈಗಲೂ ತಿಂಗಳಿಗೊಮ್ಮೆ ರೆಕಾರ್ಡ್ ಮಾಡಿ ಕೇಳುತ್ತೇನೆ, ಒಳ್ಳೆಯ ಸುದ್ದಿ ಸಿಗುವುದು ಅಪರೂಪ. ಅಂದ ಹಾಗೆ ರಾತ್ರಿ ಅಭ್ಯಾಸಕ್ಕೆ ಮಗಳ ಹಳೆ ಕಾಲುಚೀಲವನ್ನು ಚರ್ಮದ ಹಿಂದೆ ತುರುಕುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಬೇರೆ ದಾರಿ ಇಲ್ಲ.

ಇಷ್ಟಾದ ಮೇಲೆ ನಿಜವಾದ ಗಂಟು ಸಿಕ್ಕಿತು. ಚಿಕ್ಕಂದಿನಲ್ಲಿ ಎರಡು ವರ್ಷ ಹಾರ್ಮೋನಿಯಂ ಹಿಡಿದು ಕಲಿತಿದ್ದೆ, ಭೂಪ ರಾಗದ ಒಂದು ಸರಗಮ್ ಇನ್ನೂ ಬಾಯಲ್ಲಿತ್ತು. ಐದೇ ಸ್ವರದ ರಾಗ, ಇಲ್ಲಿನ ಎಷ್ಟೋ ಹಾಡುಗಳೂ ಐದು ಸ್ವರದವೇ, ಅದನ್ನೇ ನುಡಿಸೋಣ ಅಂತ ಕೂತೆ. ಸಾಮಾನ್ಯವಾಗಿ ಇಡುವ ಜಿ ಶ್ರುತಿಯಲ್ಲಿ (ಜಿ, ಡಿ, ಸಿ, ಬಿ ಎಲ್ಲ ಪಾಶ್ಚಾತ್ಯ ಸ್ವರಗಳ ಹೆಸರು) ಮೂರನೇ ತಂತಿ ಸಾ, ಎರಡನೆಯದು ಗ, ಮೊದಲನೆಯದು ಪ. ಸಾ ರೇ ಗ ತನಕ ಸರಾಗ. ಪ ಬಂದ ಕೂಡಲೇ ಹಾಡು ಮೊದಲನೇ ತಂತಿಗೆ ಹೋಯಿತು, ಅಲ್ಲಿ ಆಗಲೇ ತೋರುಬೆರಳು ಮನೆ ಮಾಡಿಕೊಂಡಿದೆ! ಹೆಬ್ಬೆರಳು ಅಷ್ಟು ದೂರ ಹೋಗಿ ಅದೇ ತಂತಿ ಮೀಟಬೇಕು, ಹಿಂದೆಯೇ ತೋರುಬೆರಳೂ ಅದನ್ನೇ ಮೀಟಬೇಕು. ಹೀಗೂ ನುಡಿಸುವವರಿದ್ದಾರೆ, ನನಗೆ ಆಗಲಿಲ್ಲ. ಎರಡು ಬೆರಳೂ ಬಾಗಿಲಲ್ಲಿ ಎದುರುಬದುರಾಗಿ ಸಿಕ್ಕಿಕೊಂಡ ಹಾಗೆ.

ಎರಡು ಪರಿಹಾರ ಸಿಕ್ಕವು. ಹಾಡು ಮೇಲಿನ ಸ್ವರಗಳಲ್ಲೇ ಓಡಾಡುತ್ತಿದ್ದರೆ ತೋರುಬೆರಳಿನ ದಾರಿ ಹಿಡಿಯುವುದು ಒಂದು, ಆ ದಾರಿ ಇರುವುದೇ ಅದಕ್ಕೆ ಅಂತ ನನಗೆ ಆಗ ಅರ್ಥವಾಯಿತು. ಇನ್ನೊಂದು ಶ್ರುತಿಯನ್ನೇ ಬದಲಿಸುವುದು. ನಾಲ್ಕನೇ ತಂತಿಯನ್ನು ಡಿ ಇಂದ ಸಿ ಗೆ ಇಳಿಸಿ, ಎರಡನೆಯದನ್ನು ಬಿ ಇಂದ ಸಿ ಗೆ ಏರಿಸಿದರೆ ಇಲ್ಲಿಯವರು ಡಬಲ್ ಸಿ ಅನ್ನುವ ಶ್ರುತಿ. ಈಗ ಸಾ ನಾಲ್ಕನೇ ತಂತಿಯಲ್ಲಿ. ಅದರ ಎರಡನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ರೇ, ನಾಲ್ಕನೇ ಫ್ರೆಟ್ ಗ. ಮೂರನೇ ತಂತಿ ಒತ್ತದೆ ಮೀಟಿದರೆ ಪ, ಎರಡನೇ ಫ್ರೆಟ್‌ನಲ್ಲಿ ಧ. ಎರಡನೇ ತಂತಿ ಒತ್ತದೆ ಮೀಟಿದರೆ ಮೇಲಿನ ಸಾ. ಇಡೀ ಭೂಪ ಒಳಗಿನ ಮೂರು ತಂತಿಗಳಲ್ಲೇ ಹರಡಿ ಕೂತಿದೆ, ಎಲ್ಲ ಹೆಬ್ಬೆರಳಿಗೆ, ಮೊದಲನೆಯದು ತೋರುಬೆರಳಿಗೇ ಬಿಟ್ಟದ್ದು. ಐದನೆಯದು ತಾರ ಪಂಚಮ ಹಿಡಿದು ನಿಲ್ಲುತ್ತೆ. ಮೊದಲನೇ ತಂತಿ ರೇ ಅಂತ ಗುನುಗುತ್ತಿರುವುದು ತಂಬೂರಿ ಕೇಳಿ ಬೆಳೆದ ಕಿವಿಗೆ ಮೊದಮೊದಲು ಚುಚ್ಚಿತು. ಈಗ ಅದೇ ಇಷ್ಟ. ಅಂದಿನಿಂದ ಯಾವ ಹಾಡು ಸಿಕ್ಕಿದರೂ ಮೊದಲು ಬಾಯಲ್ಲಿ ಹಾಡಿಕೊಂಡು, ಅದು ಎಷ್ಟು ಮೇಲೆ ಹೋಗುತ್ತೆ, ಎಲ್ಲಿ ಜಾಸ್ತಿ ಹೊತ್ತು ಕೂರುತ್ತೆ ಅಂತ ನೋಡುತ್ತೇನೆ. ಬೆರಳಿನ ಮಾತು ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಹತ್ತು ಜನರ ಗುಂಪಿನಲ್ಲಿ ಈ ಪದ್ಧತಿ ಕೇಳಿಸುವುದಿಲ್ಲ. ಎರಡು ಪಿಟೀಲು, ಒಂದು ಗಿಟಾರು, ಪಕ್ಕದಲ್ಲೊಬ್ಬ ಕ್ಲಾಹ್ಯಾಮರಿನವನು ಇದ್ದರೆ ನಿಮ್ಮ ಎರಡು ಬೆರಳು ಮುಳುಗಿತು. ಇದು ಮನೆಯ ಜಗಲಿಗೆ, ಒಬ್ಬ ಹಾಡುವವನ ಜೊತೆಗೆ ಹೇಳಿ ಮಾಡಿಸಿದ್ದು.

ಹೋದ ಜೂನ್‌ನಲ್ಲಿ ಅದೇ ಬಯಲಿನಲ್ಲಿ ಅಜ್ಜ ಮತ್ತೆ ಸಿಕ್ಕರು. ಗುಂಪು ಕರಗಿದ ಮೇಲೆ ಏನಾದರೂ ನುಡಿಸು ಅಂದರು. ಇಲ್ಲಿಯ ಹಾಡು ನುಡಿಸಲು ಧೈರ್ಯ ಬರಲಿಲ್ಲ, ಡಬಲ್ ಸಿ ಮಾಡಿಕೊಂಡು ಭೂಪದ ಸರಗಮ್ ಶುರು ಮಾಡಿದೆ. ಎರಡು ಸುತ್ತು ಆಗುವಷ್ಟರಲ್ಲಿ ಅವರ ಬೂಟು ತಾಳ ಹಾಕುತ್ತಿತ್ತು. ಮುಗಿದ ಮೇಲೆ, ಇದು ಯಾವ ಕೌಂಟಿಯ, ಅಂದರೆ ಜಿಲ್ಲೆಯ, ಹಾಡು ಅಂತ ಕೇಳಿದರು. ಬೆಳಗಾವಿ ಅಂದೆ. ತಲೆಯಾಡಿಸಿದರು, ಆಮೇಲೆ ನಿನ್ನ ಎರಡನೇ ತಂತಿ ಇಳಿದಿದೆ ನೋಡು ಅಂದರು. ಇಳಿದಿತ್ತು.